ನೇಪಾಳದಲ್ಲಿ ಅನಾಥ ಮಕ್ಕಳ ಸೇವೆ, ಜೊತೆಗೆ ಬೆಟ್ಟದ ಹಳ್ಳಿಗಳ ಸುತ್ತಾಟ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳ ಹಿಂದೆ ನಾನು ಪೋಖರಾದ ಒಂದು ಮಕ್ಕಳ ಆಶ್ರಮದಲ್ಲಿ ಆರು ವಾರ ವಾಲಂಟಿಯರ್ ಆಗಿದ್ದೆ. ಆಮೇಲೂ ಎರಡು ಸಲ ನೇಪಾಳಕ್ಕೆ ಹೋಗಿದ್ದೇನೆ, ಆದರೆ ಆ ಕೆಲಸಕ್ಕಲ್ಲ. ಆಫೀಸಿನವರು, ತಂಗಿಯ ಕಾಲೇಜಿನವರು, ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗಳು, ಎಲ್ಲರೂ ಹೆಚ್ಚುಕಡಿಮೆ ಅದದೇ ಪ್ರಶ್ನೆ ಕೇಳುತ್ತಾರೆ. ಪ್ರತಿಸಲ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿದೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಪೋಖರಾದಲ್ಲಿ ಅನಾಥ ಮಕ್ಕಳ ಜೊತೆ ಒಂದು ತಿಂಗಳು ಇರಬೇಕು, ವಾರದ ಕೊನೆಗೆ ಬೆಟ್ಟ ಸುತ್ತಬೇಕು ಅಂತ ಆಸೆ. ಹೋಗಬಹುದಾ?

ಬೆಟ್ಟ ಸುತ್ತೋಕೆ ಖಂಡಿತ ಹೋಗಿ. ಆಶ್ರಮಕ್ಕೆ ಬೇಡ.

ಇದೇನು ಹೀಗೆ ಹೇಳ್ತೀರಿ? ಅನಾಥ ಮಕ್ಕಳ ಸೇವೆ ಒಳ್ಳೇ ಕೆಲಸ ಅಲ್ವಾ?

ಮೊದಲ ತೊಡಕು ‘ಅನಾಥ’ ಅನ್ನೋ ಮಾತಿನಲ್ಲೇ ಇದೆ. ಜಗತ್ತಿನ ಆಶ್ರಮಗಳಲ್ಲಿರುವ ಐದು ಮಕ್ಕಳಲ್ಲಿ ನಾಲ್ವರಿಗಾದರೂ ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರು ಬದುಕಿದ್ದಾರೆ ಅಂತ ‘ಸೇವ್ ದ ಚಿಲ್ಡ್ರನ್’ ಸಂಸ್ಥೆ 2009ರಲ್ಲೇ ಹೇಳಿತ್ತು. ನೇಪಾಳದ ಕಥೆಯೂ ಇದೇ. ಅಲ್ಲಿ 77 ಜಿಲ್ಲೆಗಳಿವೆ. ಮಕ್ಕಳ ಆಶ್ರಮಗಳಲ್ಲಿ ಬಹುಪಾಲು ಇರೋದು ಐದೇ ಐದು ಜಿಲ್ಲೆಗಳಲ್ಲಿ: ಕಾಠ್ಮಂಡು, ಲಲಿತಪುರ, ಭಕ್ತಪುರ, ಚಿತವನ್, ಮತ್ತೆ ಪೋಖರಾ ಇರುವ ಕಾಸ್ಕಿ. ಈ ಐದು ಹೆಸರನ್ನು ಯಾವುದಾದರೂ ಟೂರ್ ಪ್ಯಾಕೇಜಿನ ಪಕ್ಕ ಇಟ್ಟು ನೋಡಿ. ವಿದೇಶಿಯರು ಎಲ್ಲಿ ಸುತ್ತುತ್ತಾರೋ ಅಲ್ಲೇ ಆಶ್ರಮಗಳೂ ಇವೆ. ಬಡತನ ಜಾಸ್ತಿ ಇರೋದು ದೂರದ ಪಶ್ಚಿಮದಲ್ಲಿ, ಕರ್ನಾಲಿಯಲ್ಲಿ. ಅಲ್ಲಿ ಇಷ್ಟೊಂದು ಆಶ್ರಮಗಳಿಲ್ಲ. ಅನಾಥರು ಹುಟ್ಟೋದು ವಿಮಾನ ನಿಲ್ದಾಣದ ಹತ್ತಿರ ಮಾತ್ರಾನಾ?

ಅಪ್ಪ ಅಮ್ಮ ಇದ್ದರೆ ಮಕ್ಕಳು ಆಶ್ರಮಕ್ಕೆ ಹೇಗೆ ಬಂದರು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಕೆಟ್ಟವರು ಮಾತ್ರ ಇಲ್ಲ.

1996ರಿಂದ 2006ರವರೆಗೆ ನೇಪಾಳದಲ್ಲಿ ಮಾವೋವಾದಿಗಳಿಗೂ ಸರ್ಕಾರಕ್ಕೂ ಯುದ್ಧ ನಡೆಯಿತು. ಬೆಟ್ಟದ ಹಳ್ಳಿಗಳಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳನ್ನು ಎಳೆದುಕೊಂಡು ಹೋಗಿ ಕೈಗೆ ಬಂದೂಕು ಕೊಡುತ್ತಾರೆ ಅನ್ನೋ ಭಯ ಬೇರೆ. ಕರ್ನಾಲಿಯ ಹುಮ್ಲಾದಂಥ ಜಿಲ್ಲೆಗೆ ಆಗ ರಸ್ತೆಯೇ ಇರಲಿಲ್ಲ, ಸಿಮಿಕೋಟ್‌ನಲ್ಲಿ ಸಣ್ಣ ವಿಮಾನ ಇಳಿಯಬೇಕು, ಇಲ್ಲವೇ ದಿನಗಟ್ಟಲೆ ನಡೆಯಬೇಕು. ಅಂಥ ಹಳ್ಳಿಗೆ ಒಬ್ಬ ಪರಿಚಯದವನು ಬಂದು, ‘ಮಗನನ್ನು ಕೊಡಿ, ಕಾಠ್ಮಂಡುವಿನಲ್ಲಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತೇನೆ’ ಅಂದರೆ ಯಾವ ತಾಯಿ ಬೇಡ ಅಂತಾಳೆ? ಎಷ್ಟೋ ಮನೆಯವರು ಹೊಲ, ಎಮ್ಮೆ ಮಾರಿ ಅವನಿಗೇ ದುಡ್ಡು ಕೊಟ್ಟರು. ಮಗು ಪಟ್ಟಣಕ್ಕೆ ಬಂದಮೇಲೆ ಕಾಗದದಲ್ಲಿ ಅಪ್ಪ ಅಮ್ಮ ಸತ್ತರು. ಮಗುವಿನ ಹೆಸರು, ಊರು ಕೂಡ ಕೆಲವು ಸಲ ಬದಲಾಯಿತು. ಇಂಥವರನ್ನೇ ‘ಕಾಗದದ ಅನಾಥರು’ ಅನ್ನೋದು.

ಯುದ್ಧ ಮುಗಿಯಿತು, ದಾರಿ ಮುಚ್ಚಲಿಲ್ಲ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಆಗ ಇದೇ ದಂಧೆ ಮತ್ತೆ ಜೋರಾಗಬಹುದು ಅಂತ ಸರ್ಕಾರ ಹೆದರಿತು. ಹಿರಿಯರಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದ ಆಚೆ ಸಾಗಿಸಬಾರದು ಅಂತ ನಿರ್ಬಂಧ ಹಾಕಿತು.

ಯುದ್ಧವಿಲ್ಲ, ಭೂಕಂಪವಿಲ್ಲ, ಸುಮ್ನೆ ದಿನಾ ನಡೆಯೋ ಕಾರಣವೂ ಒಂದಿದೆ. ಊರಿನ ಶಾಲೆ ಐದನೇ ಕ್ಲಾಸಿಗೋ ಎಂಟನೇ ಕ್ಲಾಸಿಗೋ ಮುಗಿಯುತ್ತದೆ. ಅಪ್ಪ ದುಡಿಯೋಕೆ ಹೊರದೇಶಕ್ಕೆ ಹೋಗಿರುತ್ತಾನೆ. ಅಮ್ಮನಿಗೆ ಪುಕ್ಕಟೆ ಹಾಸ್ಟೆಲ್ ಬೇಕು. ಆಶ್ರಮಕ್ಕೆ ಮಗು ಬೇಕು. ಯಾಕೆಂದರೆ ಮಗು ಇದ್ದರೆ ತಾನೇ ವಾರಕ್ಕಿಷ್ಟು ಡಾಲರ್ ಕೊಟ್ಟು ಬರುವ ನನ್ನಂಥವರು ಸಿಗೋದು?

ನೀವೇ ಹೋಗಿದ್ದಿರಲ್ಲ? ಅಲ್ಲಿ ಏನಾಯ್ತು?

ಕೆಟ್ಟದ್ದೇನೂ ಆಗಲಿಲ್ಲ, ಹಾಗಾಗಿಯೇ ಅರ್ಥ ಆಗೋಕೆ ತಡವಾಯಿತು. ಜಾಗ ಚೊಕ್ಕಟವಾಗಿತ್ತು. ಅಡುಗೆಯ ದಿದಿ ಒಳ್ಳೆಯವರು. 23 ಮಕ್ಕಳು. ನನ್ನ ಕೆಲಸ ಸಂಜೆ ಇಂಗ್ಲಿಷ್ ಹೇಳಿಕೊಡೋದು. ಮೊದಲ ದಿನ ಒಂದು ಇಂಗ್ಲಿಷ್ ಪದ್ಯ ಶುರು ಮಾಡಿದೆ. ಮಕ್ಕಳು ನನಗಿಂತ ಮೊದಲೇ ಮುಗಿಸಿದರು, ಅಭಿನಯದ ಸಮೇತ. ನನಗಿಂತ ಹಿಂದೆ ಬಂದವಳು ಅದನ್ನೇ ಕಲಿಸಿದ್ದಳು. ಅವಳಿಗಿಂತ ಹಿಂದಿನವನೂ ಅದನ್ನೇ. ಗೋಡೆ ಮೇಲೆ ಬಣ್ಣದಲ್ಲಿ ಅದ್ದಿ ಒತ್ತಿದ ಅಂಗೈ ಗುರುತುಗಳು, ಪಕ್ಕದಲ್ಲಿ ವಿದೇಶಿ ಹೆಸರುಗಳು. ಮೂರನೇ ವಾರ ನನಗೂ ಬಣ್ಣ ಕೊಟ್ಟು ಒಂದು ಜಾಗ ತೋರಿಸಿದರು. ನಾನೂ ಒತ್ತಿದೆ.

ಎಂಟು ವರ್ಷದ ಒಬ್ಬ ಹುಡುಗ ಇದ್ದ. ನಾನು ಬೆಂಗಳೂರಿನವಳು ಅಂತ ಯಾರೋ ಹೇಳಿರಬೇಕು. ಪಾತ್ರೆ ತೊಳೆಯುವ ನಲ್ಲಿಯ ಹತ್ತಿರ ಬಂದು ನಿಂತು, ತಲೆ ತಗ್ಗಿಸಿಕೊಂಡೇ, ‘ಊಟ ಆಯ್ತಾ’ ಅಂದ. ನಾನು ತಟ್ಟೆ ಕೈಬಿಟ್ಟೆ. ಯಾರು ಹೇಳಿಕೊಟ್ಟರು ಅಂತ ಕೇಳಿದರೆ, ‘ಬುವಾ’ ಅಂದ. ಬುವಾ ಅಂದರೆ ಅಪ್ಪ. ಅವನ ಅಪ್ಪ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಫೋನಿನಲ್ಲಿ ಮಗನಿಗೆ ಈ ಎರಡು ಪದ ಕಲಿಸಿದ್ದ. ಆಶ್ರಮದ ಪಟ್ಟಿಯಲ್ಲಿ ಆ ಹುಡುಗನ ಹೆಸರಿನ ಮುಂದೆ, ತಂದೆ ಅನ್ನೋ ಜಾಗದಲ್ಲಿ ಒಂದು ಗೀಟು ಎಳೆದಿತ್ತು.

ಆಮೇಲೆ ದಶೈನ್ ಬಂತು. ನಮ್ಮ ದಸರಾ ದಿನಗಳಲ್ಲೇ ಬರುವ ಅವರ ದೊಡ್ಡ ಹಬ್ಬ. 23 ಮಕ್ಕಳಲ್ಲಿ 17 ಮಂದಿ ಊರಿಗೆ ಹೋದರು. ಅಮ್ಮ, ಅಜ್ಜ, ಮಾವ, ಯಾರಾದರೊಬ್ಬರು ಬಂದು ಕರೆದುಕೊಂಡು ಹೋದರು. ಖಾಲಿ ಮಂಚಗಳ ಮಧ್ಯೆ ಕೂತು, ಮುಂದಿನ ವಾರದ ಪಾಠ ಬರೆಯೋಕೆ ಪೆನ್ನು ತೆಗೆದೆ. ಏನೂ ಬರೆಯಲಿಲ್ಲ.

ಮಕ್ಕಳೇ ಓಡಿ ಬಂದು ಅಪ್ಪಿಕೊಳ್ತಾರೆ, ಫೋಟೋದಲ್ಲಿ ಎಷ್ಟು ಖುಷಿಯಾಗಿರ್ತಾರೆ. ಅವರಿಗೆ ಪ್ರೀತಿ ಕೊಡೋದರಲ್ಲಿ ತಪ್ಪೇನು?

ನಿಮ್ಮ ಅಕ್ಕನ ಮೂರು ವರ್ಷದ ಮಗಳನ್ನು ನೆನೆಸಿಕೊಳ್ಳಿ. ಮನೆಗೆ ಗುರುತಿಲ್ಲದವರು ಬಂದರೆ ಅಮ್ಮನ ಸೆರಗಿನ ಹಿಂದೆ ಹೋಗಿ ನಿಲ್ಲುತ್ತಾಳೆ. ಅದು ಆರೋಗ್ಯವಾದ ಲಕ್ಷಣ. ಗೇಟು ತೆಗೆದ ಐದು ನಿಮಿಷಕ್ಕೆ ಯಾರೋ ಗೊತ್ತಿಲ್ಲದವರ ತೊಡೆ ಏರುವ ಮಗುವಿಗೆ ಆ ಹಿಂಜರಿಕೆ ಸವೆದುಹೋಗಿದೆ. ನಾವು ಅದನ್ನು ಪ್ರೀತಿ ಅಂತ ಓದುತ್ತೇವೆ.

ಇದರ ಬಗ್ಗೆ ಗಟ್ಟಿಯಾದ ಅಧ್ಯಯನವೇ ಇದೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಿಂದ, ಆಶ್ರಮಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧ ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟಿದ್ದರು. ಕುಟುಂಬಕ್ಕೆ ಹೋದ ಮಕ್ಕಳ ಬೆಳವಣಿಗೆ ಸುಧಾರಿಸಿತು, ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಂತೂ ಎದ್ದು ಕಾಣುವಷ್ಟು. ಮಗುವಿಗೆ ಬೇಕಾಗಿರೋದು ದಿನಾ ಅದೇ ಮುಖ, ಅದೇ ಕೈ. ವಾಲಂಟಿಯರ್ ಅಂದರೆ ಅದರ ಉಲ್ಟಾ. ಹಚ್ಚಿಕೊಳ್ಳುತ್ತೇವೆ, ಅಳುತ್ತೇವೆ, ವಿಮಾನ ಹತ್ತುತ್ತೇವೆ. ನಮ್ಮ ಅಳು ದೆಹಲಿ ತಲುಪೋ ಹೊತ್ತಿಗೆ ನಿಂತಿರುತ್ತದೆ.

ಇನ್ನೊಂದು ಮಾತು, ಹೇಳೋಕೆ ಹಿತವಿಲ್ಲ. ಯಾರು ಬೇಕಾದರೂ ಬಂದು ಮಕ್ಕಳ ಜೊತೆ ಇರಬಹುದು ಅನ್ನುವ ಕಡೆಗೆ ಒಳ್ಳೆಯವರಷ್ಟೇ ಬರುವುದಿಲ್ಲ. ನನ್ನ ಪೊಲೀಸ್ ದಾಖಲೆಯನ್ನು ಯಾರೂ ಕೇಳಲಿಲ್ಲ. ಪಾಸ್‌ಪೋರ್ಟಿನ ಫೋಟೋ, ಟಿ-ಶರ್ಟ್ ಸೈಜ್, ಅಷ್ಟೇ ಕೇಳಿದ್ದು.

ಕಾನೂನು ಏನು ಹೇಳುತ್ತೆ?

ನೇಪಾಳದ 2018ರ ಮಕ್ಕಳ ಕಾಯ್ದೆಯ ಪ್ರಕಾರ ಆಶ್ರಮ ಅನ್ನೋದು ಕೊನೆಯ ದಾರಿ. ಮೊದಲು ಸ್ವಂತ ಕುಟುಂಬ, ನೆಂಟರು, ಸಾಕು ಕುಟುಂಬ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಸಂಬಳವಿಲ್ಲದ ಕೆಲಸ ಮಾಡೋದಕ್ಕೂ ಅಲ್ಲಿ ಅನುಮತಿ ಇಲ್ಲ. ವೀಸಾ ಬೇಡದ ಭಾರತೀಯರು ಇದನ್ನೇ ಹಿಡಿದು ‘ನಮಗೆ ಅನ್ವಯಿಸಲ್ಲ’ ಅಂತಾರೆ. ಮಕ್ಕಳ ಸುರಕ್ಷತೆಯ ಪ್ರಶ್ನೆಗೂ ನಿಮ್ಮ ವೀಸಾಕ್ಕೂ ಏನು ಸಂಬಂಧ?

ಹೊರಗಡೆಯೂ ಗಾಳಿ ಬದಲಾಗಿದೆ. ದುಡ್ಡಿಗಾಗಿ ಮಕ್ಕಳನ್ನು ಆಶ್ರಮಕ್ಕೆ ಸಾಗಿಸೋದೂ ಆಧುನಿಕ ಗುಲಾಮಗಿರಿಯೇ ಅಂತ ಮೊದಲು ಒಪ್ಪಿಕೊಂಡ ದೇಶ ಆಸ್ಟ್ರೇಲಿಯಾ. 2018ರಲ್ಲಿ ಅಲ್ಲಿನ ಕಾಯ್ದೆ ಬಂತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯದಲ್ಲೂ ಆಶ್ರಮ ಪ್ರವಾಸದ ಹಾನಿಯ ಪ್ರಸ್ತಾಪ ಬಂತು.

ಒಳ್ಳೆಯ ಆಶ್ರಮಗಳೇ ಇಲ್ವಾ? ಗುರುತಿಸೋದು ಹೇಗೆ?

ಇವೆ. ನಿಜವಾಗಿ ಯಾರೂ ಇಲ್ಲದ ಮಕ್ಕಳೂ ಇದ್ದಾರೆ, ಮನೆಯಲ್ಲೇ ಅಪಾಯ ಇರುವವರೂ ಇದ್ದಾರೆ. ಆದರೆ ಒಳ್ಳೆಯ ಜಾಗದ ಮೊದಲ ಗುರುತೇ ಅವರು ನಿಮ್ಮನ್ನು ಒಳಗೆ ಬಿಡುವುದಿಲ್ಲ ಅನ್ನೋದು. ಫೋನ್ ಮಾಡಿ, ‘ಎರಡು ವಾರ ಬರಬಹುದಾ’ ಅಂತ ಕೇಳಿ. ‘ಬನ್ನಿ ಬನ್ನಿ, ಯಾವಾಗ ಬರ್ತೀರಿ’ ಅಂದರೆ ಅಲ್ಲಿಗೆ ಬಿಡಿ. ‘ಮಕ್ಕಳ ಜೊತೆ ಹೊರಗಿನವರಿಗೆ ಕೆಲಸ ಇಲ್ಲ, ಬೇಕಾದರೆ ನಮ್ಮ ಲೆಕ್ಕಪತ್ರದವರಿಗೆ ನೆರವಾಗಿ’ ಅಂದರೆ ಆ ನಂಬರ್ ಉಳಿಸಿಕೊಳ್ಳಿ.

ಆಮೇಲೆ ಒಂದೇ ಪ್ರಶ್ನೆ: ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋದರು? ಉತ್ತರ ಬರುವ ಕಡೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ನಾನಿದ್ದ ಕಡೆ ಹಿಂದಿನ ವರ್ಷಕ್ಕಿಂತ ಎಷ್ಟು ಮಕ್ಕಳು ಜಾಸ್ತಿಯಾದರು ಅನ್ನೋದನ್ನು ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆದಿದ್ದರು.

ಒಂದು ತಿಂಗಳು ಬೇಡ, ಟ್ರೆಕ್ ಮುಗಿಸಿ ಎರಡು ಗಂಟೆ ಹೋಗಿ ಬಿಸ್ಕತ್ತು, ಪುಸ್ತಕ ಕೊಟ್ಟು ಬರೋಣ ಅಂತ.

ಅದು ಇನ್ನೂ ಕೆಟ್ಟದು.

ಹಾಗಾದರೆ ನನ್ನ ಕೈಲಿ ಏನೂ ಆಗಲ್ವಾ?

ಆಗುತ್ತೆ. ಆದರೆ ಫೋಟೋ ತೆಗೆದುಕೊಳ್ಳುವಂಥದ್ದಲ್ಲ. ಮಕ್ಕಳ ಊರು ಹುಡುಕಿ, ಮನೆಯವರನ್ನು ಪತ್ತೆ ಮಾಡಿ, ಮಗುವನ್ನು ವಾಪಸ್ ತಲುಪಿಸಿ, ಆಮೇಲೂ ವರ್ಷಗಟ್ಟಲೆ ವಿಚಾರಿಸಿಕೊಳ್ಳುವ ಕೆಲಸವನ್ನು ನೇಪಾಳದವರೇ ಮಾಡುತ್ತಿದ್ದಾರೆ. ಜೀಪು ಹೋಗದ ಕಡೆ ನಡೆದು, ಹತ್ತು ವರ್ಷ ಹಳೆಯ ಫೋಟೋ ಹಿಡಿದು ಮನೆಮನೆಗೆ ಹೋಗೋ ಕೆಲಸ ಅದು. ಭಾಷೆ ಬರದ ನಾವು ಅಲ್ಲಿ ಭಾರ. ಅವರ ಆಫೀಸಿನಲ್ಲಿ ಮಾತ್ರ ನೂರು ಕೆಲಸ ಬಾಕಿ ಇರುತ್ತವೆ. ಲೆಕ್ಕಪತ್ರ, ಕಂಪ್ಯೂಟರ್ ವ್ಯವಸ್ಥೆ, ದಾನಿಗಳಿಗೆ ಬರೆಯುವ ಅರ್ಜಿ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವಳು. ಎರಡನೇ ಸಲ ಹೋದಾಗ ಇಂಥ ಒಂದು ಕಡೆ ಮೂರು ವಾರ ಕೂತು, ಮಕ್ಕಳ ಕಡತಗಳಲ್ಲಿ ಒಂದೇ ಊರಿನ ಹೆಸರು ಬೇರೆಬೇರೆ ಥರ ಬರೆದಿದ್ದನ್ನೆಲ್ಲ ಸರಿಮಾಡಿಕೊಟ್ಟೆ. ಒಂದು ಮಗುವಿನ ಮುಖವನ್ನೂ ನೋಡಲಿಲ್ಲ. ನನ್ನ ಮಟ್ಟಿಗೆ ಆ ಆರು ವಾರಕ್ಕಿಂತ ಈ ಮೂರು ವಾರ ದೊಡ್ಡದು.

ನೀವು ನರ್ಸ್, ಫಿಸಿಯೋಥೆರಪಿಸ್ಟ್, ವಿಶೇಷ ಮಕ್ಕಳ ಶಿಕ್ಷಕಿ ಆಗಿದ್ದರೆ ಅಲ್ಲಿನ ಸಿಬ್ಬಂದಿಗೆ ಹೇಳಿಕೊಡಿ. ನೀವು ಹೋದಮೇಲೂ ಅವರು ಅಲ್ಲೇ ಇರುತ್ತಾರೆ.

ಹಳ್ಳಿ ಸುತ್ತೋದಕ್ಕೂ ಇದಕ್ಕೂ ಏನು ಸಂಬಂಧ? ಅದು ಬರೀ ಮಜಾಕ್ಕೆ ತಾನೇ?

ಮಜಾಕ್ಕೇ. ಆದರೆ ಆಶ್ರಮದ ಮಗು ಬಂದಿರೋದೂ ಇಂಥ ಒಂದು ಹಳ್ಳಿಯಿಂದಲೇ. ಹಳ್ಳಿಯ ಮನೆಯಲ್ಲಿ ಎರಡು ರಾತ್ರಿ ಉಳಿದು ನೀವು ಕೊಡುವ ದುಡ್ಡು ಆ ಮನೆಯ ಹೆಂಗಸಿನ ಕೈಗೆ ಹೋಗುತ್ತದೆ. ಅದರಿಂದ ಅವಳ ಮಗಳ ಶಾಲೆಯ ಬಸ್ಸಿಗೆ ದುಡ್ಡಾಗುತ್ತದೆ. ಆಶ್ರಮಕ್ಕೆ ಕೊಟ್ಟ ದುಡ್ಡು ಮಗುವನ್ನು ಊರಿನಿಂದ ಎಳೆಯುತ್ತದೆ, ಹೋಂಸ್ಟೇಗೆ ಕೊಟ್ಟಿದ್ದು ಊರಲ್ಲೇ ಹಿಡಿದಿಡುತ್ತದೆ. ಇದು ನನ್ನ ಲೆಕ್ಕ. ಪೂರ್ತಿ ಸರಿ ಅಂತ ಹೇಳಲ್ಲ, ಯಾಕೆಂದರೆ ಪೋಖರಾದ ಸುತ್ತಮುತ್ತಲ ಹಳ್ಳಿಗಳು ಕರ್ನಾಲಿಯಷ್ಟು ಬಡವೇನಲ್ಲ. ದಿಕ್ಕು ಮಾತ್ರ ಸರಿ ಇದೆ.

ಸರಿ, ಪೋಖರಾ ಸುತ್ತ ಎಲ್ಲಿಗೆ ಹೋಗಲಿ?

ಒಂದೇ ದಿನ ಇದ್ದರೆ ಬಾಗ್ಲುಂಗ್ ರಸ್ತೆಯ ಬಸ್ಸು ಹಿಡಿದು ಕಾಂಡೆಯಲ್ಲಿ ಇಳಿಯಿರಿ. ಅಲ್ಲಿಂದ ಕಲ್ಲಿನ ಮೆಟ್ಟಿಲು ಹತ್ತಿದರೆ ಆಸ್ಟ್ರೇಲಿಯನ್ ಕ್ಯಾಂಪ್, ಅಲ್ಲಿಂದ ಕಾಡಿನ ದಾರಿಯಲ್ಲಿ ಇಳಿಜಾರು ನಡೆದರೆ ಧಂಪುಸ್. ಕುಮಾರಪರ್ವತ ಹತ್ತಿದವರಿಗೆ ಇದು ಲೆಕ್ಕವೇ ಅಲ್ಲ. ಬೆಳಗ್ಗೆ ಮೋಡ ಇಲ್ಲದಿದ್ದರೆ ಮಚ್ಛಾಪುಚ್ಛ್ರೆ ಎದುರಿಗೇ ಇರುತ್ತದೆ. 6,993 ಮೀಟರ್, ಮೀನಿನ ಬಾಲದ ಹಾಗೆ ಸೀಳಿದ ತುದಿ. ಪವಿತ್ರ ಅಂತ ಅದನ್ನು ಹತ್ತೋಕೆ ಯಾರಿಗೂ ಪರವಾನಗಿ ಕೊಡುವುದಿಲ್ಲ. ಸುತ್ತ ಅಷ್ಟೆಲ್ಲ ಬೆಟ್ಟಗಳನ್ನು ಹತ್ತಿ ಇಳಿದ ಜನ ಒಂದನ್ನು ಹಾಗೇ ಬಿಟ್ಟಿದ್ದಾರೆ ಅನ್ನೋದು ನನಗೆ ತುಂಬಾ ಇಷ್ಟ.

ಎರಡು ಮೂರು ದಿನ ಇದ್ದರೆ ಘಾಂದ್ರುಕ್. ಸುಮಾರು 2,000 ಮೀಟರ್ ಎತ್ತರದ ಗುರುಂಗ್ ಜನರ ಊರು. ಕಲ್ಲುಹಾಸಿನ ಓಣಿಗಳು, ಹಂಚಿನ ಹಾಗೆ ಚಪ್ಪಡಿ ಕಲ್ಲು ಹೊದಿಸಿದ ಮನೆಗಳು, ಅಂಗಳದಲ್ಲಿ ಒಣಗುವ ಜೋಳದ ತೆನೆ. ಈಗ ಜೀಪಿನಲ್ಲೂ ಹೋಗಬಹುದು, ಆದರೆ ನಡೆದರೆ ಚಂದ. ಇದು ಅನ್ನಪೂರ್ಣ ಸಂರಕ್ಷಿತ ಪ್ರದೇಶದೊಳಗೆ ಬರುವುದರಿಂದ ಪರವಾನಗಿ ಬೇಕು. ಭಾರತದವರಿಗೆ ಸಾರ್ಕ್ ದರ, ನೇಪಾಳಿ 1,000 ರೂಪಾಯಿ. ಬೇರೆ ವಿದೇಶಿಯರಿಗೆ 3,000. ಹೊರಡುವ ಮುಂಚೆ ಒಮ್ಮೆ ಕೇಳಿಕೊಳ್ಳಿ, ಗೈಡ್ ವಿಚಾರದಲ್ಲಿ ನಿಯಮ ಆಗಾಗ ಬದಲಾಗುತ್ತದೆ.

ನನ್ನ ಆಯ್ಕೆ ಕೇಳಿದರೆ ಸ್ಯಾಂಗ್ಜಾ ಜಿಲ್ಲೆಯ ಸಿರುಬಾರಿ. 1997ರಲ್ಲಿ ನೇಪಾಳದ ಹಳ್ಳಿ ಹೋಂಸ್ಟೇ ಶುರುವಾಗಿದ್ದೇ ಇಲ್ಲಿ. ಅತಿಥಿಗಳನ್ನು ಸರದಿಯ ಪ್ರಕಾರ ಮನೆಗಳಿಗೆ ಹಂಚುತ್ತಾರೆ, ಹಾಗಾಗಿ ದುಡ್ಡು ಒಂದೇ ಮನೆಗೆ ಹೋಗುವುದಿಲ್ಲ. ಹಿಮದ ಬೆಟ್ಟ ಇಲ್ಲಿಂದ ದೂರ. ಸೆಲ್ಫಿಗೆ ಬಂದವರಿಗೆ ಬೇಜಾರಾಗಬಹುದು.

ಫೇವಾ ಕೆರೆ, ಸಾರಂಗ್‌ಕೋಟ್ ಸೂರ್ಯೋದಯ, ಶಾಂತಿ ಸ್ತೂಪ, ಇದೆಲ್ಲ ಯಾರು ಬೇಕಾದರೂ ಹೇಳುತ್ತಾರೆ. ಜನ ಜಾಸ್ತಿ ಅನಿಸಿದರೆ ಬೇಗ್ನಾಸ್ ಕೆರೆಗೆ ಹೋಗಿ.

ಹಳ್ಳಿ ಮನೆಯಲ್ಲಿ ಊಟ ಹೇಗೆ? ನಾವು ಸಸ್ಯಾಹಾರಿಗಳು.

ಚಿಂತೆ ಬೇಡ. ದಾಲ್ ಭಾತ್ ಅಂದರೆ ಅನ್ನ, ಬೇಳೆ ಕಟ್ಟು, ಪಲ್ಯ, ಉಪ್ಪಿನಕಾಯಿ. ಕೇಳಿದಷ್ಟು ಸಲ ಬಡಿಸುತ್ತಾರೆ. ಬೆಳಗ್ಗೆ ಹತ್ತರ ಸುಮಾರಿಗೆ ಒಂದು ಊಟ, ರಾತ್ರಿ ಏಳಕ್ಕೆ ಇನ್ನೊಂದು. ನಮ್ಮ ಹಾಗೆ ಎಂಟಕ್ಕೆ ತಿಂಡಿ ಅಂತ ಕಾದು ಕೂತರೆ ಚಹಾ ಮಾತ್ರ ಸಿಗುತ್ತದೆ.

ಹಳೇ ಮೈಸೂರಿನ ಕಡೆಯವರಿಗೆ ಒಂದು ಗುಟ್ಟು. ಅಲ್ಲಿ ‘ಕೋದೋ’ ಅನ್ನೋದು ನಮ್ಮ ರಾಗಿಯೇ. ಬೆಟ್ಟದ ಮೆಟ್ಟಿಲು ಹೊಲಗಳಲ್ಲಿ ಮಳೆಗಾಲಕ್ಕೆ ನೆಟ್ಟು ದೀಪಾವಳಿ ಆಸುಪಾಸಿಗೆ ಕೊಯ್ಯುತ್ತಾರೆ. ಹಿಟ್ಟನ್ನು ಬಿಸಿನೀರಿಗೆ ಹಾಕಿ ತಿರುವಿದರೆ ‘ಢಿಂಡೋ’. ನಾನು ಉಳಿದಿದ್ದ ಮನೆಯ ಆಮಾ, ಅಂದರೆ ಅಮ್ಮ, ಒಲೆ ಮುಂದೆ ಕೂತು, ಕಬ್ಬಿಣದ ಬಾಣಲೆಯನ್ನು ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮರದ ಕೋಲು ತಿರುಗಿಸುತ್ತಿದ್ದರು. ಬಾಣಲೆಗೆ ಬೇರೆ ಹಿಡಿ ಇಲ್ಲ. ನಮ್ಮಜ್ಜಿ ಕವೆಗೋಲು ಅಡ್ಡ ಕೊಟ್ಟು ಮುದ್ದೆ ತಿರುವುತ್ತಿದ್ದಿದ್ದು ಹೀಗೇ. ನಮ್ಮ ಮುದ್ದೆಗಿಂತ ಸ್ವಲ್ಪ ಮೆತ್ತಗೆ, ಉಂಡೆ ಕಟ್ಟುವುದಿಲ್ಲ. ಬೆರಳಲ್ಲಿ ಮುರಿದು ಗುಂದ್ರುಕ್ ಸಾರಿಗೆ ಅದ್ದಿ ನುಂಗಬೇಕು. ಗುಂದ್ರುಕ್ ಅಂದರೆ ಹುಳಿ ಬರಿಸಿ ಒಣಗಿಸಿದ ಸಾಸಿವೆ ಸೊಪ್ಪು. ನಾನು ಅಗಿಯದೆ ನುಂಗಿದ್ದು ನೋಡಿ ಆಮಾಗೆ ಆಶ್ಚರ್ಯ. ಬಂದ ವಿದೇಶಿಯರೆಲ್ಲ ಅದನ್ನು ಅಗಿದು ಅಗಿದು ಸುಸ್ತಾಗುತ್ತಾರಂತೆ. ಅಂದಹಾಗೆ ಅದೇ ರಾಗಿಯಿಂದ ‘ರಕ್ಸಿ’ಯನ್ನೂ ಇಳಿಸುತ್ತಾರೆ. ಬೇಡದಿದ್ದರೆ ನಗುತ್ತಾ ಬೇಡ ಅನ್ನಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಪಾಸ್‌ಪೋರ್ಟ್, ವೀಸಾ, ದುಡ್ಡು?

ಭಾರತದ ಪ್ರಜೆಗಳಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ ಮತ್ತು 65 ದಾಟಿದವರಿಗೆ ಮಾತ್ರ. ಕೆಂಪೇಗೌಡ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇದೇ ಕಾರಣಕ್ಕೆ ಒಬ್ಬರು ವಾಪಸ್ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅಮೆರಿಕದ ಪಾಸ್‌ಪೋರ್ಟ್ ಇರುವ ಕನ್ನಡಿಗರು ಅಲ್ಲೇ ಇಳಿದು ವೀಸಾ ತೆಗೆದುಕೊಳ್ಳಬಹುದು, 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50.

ನಮ್ಮ 100 ರೂಪಾಯಿಗೆ ಅಲ್ಲಿಯ 160. ಈ ದರ 1993ರಿಂದ ಹೀಗೇ ಇದೆ. ನಗದು ಒಯ್ಯುವುದಾದರೆ 100ರ ನೋಟುಗಳೇ ಸಲೀಸು. 2024ರಿಂದ ಪಟ್ಟಣದ ಎಷ್ಟೋ ಅಂಗಡಿಗಳಲ್ಲಿ ಫೋನ್‌ಪೇ ನೇಪಾಳದ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ನಮ್ಮ ಫೋನ್‌ಪೇ ಬೇರೆ, ಅವರದ್ದು ಬೇರೆ ಕಂಪನಿ, ಹೆಸರು ನೋಡಿ ಗೊಂದಲ ಬೇಡ. ಹಳ್ಳಿಗೆ ಮಾತ್ರ ಸಣ್ಣ ನೇಪಾಳಿ ನೋಟುಗಳನ್ನೇ ಒಯ್ಯಿರಿ.

ಗಡಿಯಾರವನ್ನು 15 ನಿಮಿಷ ಮುಂದೆ ಮಾಡಿಕೊಳ್ಳಿ.

ಯಾವಾಗ ಹೋಗಬೇಕು, ಹೇಗೆ ಹೋಗಬೇಕು?

ಅಕ್ಟೋಬರ್, ನವೆಂಬರ್ ಎಲ್ಲಕ್ಕಿಂತ ಒಳ್ಳೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಕಾಡಿನ ತುಂಬಾ ಕೆಂಪು ಲಾಲಿಗುರಾಂಸ್ ಹೂ, ಆದರೆ ಮಬ್ಬು ಜಾಸ್ತಿ. ಮಳೆಗಾಲದಲ್ಲಿ ಉಂಬಳ. ಮಲೆನಾಡಿನವರು ಸುಣ್ಣ ಹೊಗೆಸೊಪ್ಪಿನ ಗಂಟು ಒಯ್ಯಿರಿ, ಉಳಿದವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿರಿ.

ವಿಮಾನದಲ್ಲಾದರೆ ಕಾಠ್ಮಂಡು, ಅಲ್ಲಿಂದ ಪೋಖರಾಕ್ಕೆ 200 ಕಿಲೋಮೀಟರ್. ಓದೋಕೆ ಕಡಿಮೆ ಅನಿಸುತ್ತೆ, ಬಸ್ಸಿನಲ್ಲಿ ದಿನವೇ ಹೋಗುತ್ತೆ. ಪುರುಸೊತ್ತಿದ್ದವರು ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು ಹಿಡಿದು, ಸುನೌಲಿ ಗಡಿಯನ್ನು ನಡೆದೇ ದಾಟಿ, ಆ ಕಡೆಯ ಬಸ್ಸು ಹತ್ತಬಹುದು. ನಾನು ಒಂದು ಸಲ ಹಾಗೆ ಹೋದೆ. ಇನ್ನೊಂದು ಸಲ ಹೋಗಲ್ಲ.

ಭಾಷೆ?

ಹಿಂದಿ ಬಂದರೆ ಅರ್ಧ ದಾರಿ ದಾಟಿದ ಹಾಗೆ. ಆದರೆ ಹಿಂದಿಯಲ್ಲಿ ಜೋರು ಮಾಡಬೇಡಿ, ಅವರಿಗೆ ಹಿಡಿಸುವುದಿಲ್ಲ. ಗಂಡಸರಿಗೆ ದಾಯ್, ಹೆಂಗಸರಿಗೆ ದಿದಿ, ವಯಸ್ಸಾದವರಿಗೆ ಬಾ, ಆಮಾ. ‘ಖಾನಾ ಖಾನುಭಯೋ?’ ಅನ್ನೋದನ್ನು ಕಲಿತುಕೊಳ್ಳಿ. ‘ಊಟ ಆಯ್ತಾ’ ಅಂತ. ನಮ್ಮ ಥರಾನೇ ಅವರಿಗೂ ಅದು ಊಟದ ಪ್ರಶ್ನೆ ಅಲ್ಲ, ಮಾತು ಶುರು ಮಾಡುವ ರೀತಿ.

ದಾರಿಯಲ್ಲಿ ಮಕ್ಕಳು ಚಾಕೊಲೇಟ್, ಪೆನ್ನು ಕೇಳ್ತಾರಂತೆ. ಕೊಡಬಹುದಾ?

ಬೇಡ. ಶಾಲೆ ಬಿಟ್ಟು ದಾರಿಯಲ್ಲಿ ಕಾಯೋ ಅಭ್ಯಾಸ ಆಗುತ್ತೆ. ಪೆನ್ನು ಕೊಡಲೇಬೇಕಿದ್ದರೆ ಶಾಲೆಯ ಮೇಷ್ಟ್ರ ಕೈಗೆ ಕೊಡಿ. ದಶೈನ್ ಹೊತ್ತಿಗೆ ಹೋದರೆ ಊರೂರಲ್ಲಿ ಉದ್ದ ಬಿದಿರು ನೆಟ್ಟು ‘ಪಿಂಗ್’ ಕಟ್ಟಿರುತ್ತಾರೆ, ಅಂದರೆ ಉಯ್ಯಾಲೆ. ಮಕ್ಕಳ ಜೊತೆ ಸರದಿಯಲ್ಲಿ ನಿಂತು ನೀವೂ ಆಡಿ. ಫೋಟೋ ಬೇಕಿದ್ದರೆ ಪಕ್ಕದಲ್ಲೇ ಅಮ್ಮ ಇರುತ್ತಾಳೆ, ಅವಳನ್ನು ಕೇಳಿ.

ಈಗಾಗಲೇ ಆಶ್ರಮಕ್ಕೆ ದುಡ್ಡು ಕಟ್ಟಿಬಿಟ್ಟಿದ್ದೀನಿ.

ವಾಪಸ್ ಕೇಳಿ, ಕಾರಣವನ್ನು ಬರೆದು ತಿಳಿಸಿ. ಮಕ್ಕಳ ಜೊತೆಗಿಲ್ಲದ ಕೆಲಸಕ್ಕೆ ಬದಲಾಯಿಸ್ತೀರಾ ಅಂತ ವಿಚಾರಿಸಿ. ಎರಡಕ್ಕೂ ಒಪ್ಪದಿದ್ದರೆ ದುಡ್ಡು ಹೋಯಿತು ಅಂದುಕೊಳ್ಳಿ. ನನ್ನದೂ ಹೋಗಿದೆ.

ಅಲ್ಲಿ ಹೋದಮೇಲೆ ಯಾವುದಾದರೂ ಆಶ್ರಮದಲ್ಲಿ ಮಕ್ಕಳಿಗೆ ಹೊಡೆಯೋದು, ಹಸಿವಲ್ಲಿ ಇಡೋದು, ರಾತ್ರಿ ಕುಣಿಸಿ ದುಡ್ಡೆತ್ತೋದು ಕಂಡರೆ 1098ಕ್ಕೆ ಫೋನ್ ಮಾಡಿ. ನಮ್ಮ ಮಕ್ಕಳ ಸಹಾಯವಾಣಿಯ ನಂಬರೇ ನೇಪಾಳದಲ್ಲೂ ಇದೆ.

ಬೆಂಗಳೂರಿನ ಆಶ್ರಮದಲ್ಲಿ ಮಗನ ಹುಟ್ಟುಹಬ್ಬ ಮಾಡ್ತೀವಿ. ಅದೂ ತಪ್ಪಾ?

ಈ ಪ್ರಶ್ನೆ ಕೇಳುವವರು ಆಗಲೇ ಸಿಟ್ಟಾಗಿರುತ್ತಾರೆ. ಆದರೂ ಹೇಳ್ತೀನಿ. ಕೇಕ್ ಕತ್ತರಿಸೋದು ನಿಮ್ಮ ಮಗ. ಚಪ್ಪಾಳೆ ತಟ್ಟೋಕೆ ಸಾಲಾಗಿ ನಿಲ್ಲೋದು ಆ ಮಕ್ಕಳು. ಒಂದು ಭಾನುವಾರದಲ್ಲಿ ಮೂರು ಹುಟ್ಟುಹಬ್ಬ ಬಂದರೆ ಮೂರು ಸಲ. ಊಟದ ಖರ್ಚನ್ನು ಕೊಟ್ಟು, ಹಬ್ಬವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ನಮ್ಮಲ್ಲೂ 2015ರ ಬಾಲ ನ್ಯಾಯ ಕಾಯ್ದೆ ಆಶ್ರಮವನ್ನು ಕೊನೆಯ ದಾರಿ ಅಂತಲೇ ಹೇಳುತ್ತದೆ. ಕಷ್ಟದಲ್ಲಿರುವ ಮಗು ತನ್ನ ಮನೆಯಲ್ಲೇ ಉಳಿಯಲಿ ಅಂತ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ಮನೆಗೆಲಸದವರ ಮನೆಯಲ್ಲೇ ಇಂಥ ಮಗು ಇರಬಹುದು. ಅರ್ಜಿ ತುಂಬೋಕೆ ಒಂದು ಮಧ್ಯಾಹ್ನ ಅವರ ಜೊತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಬನ್ನಿ.

‘ಊಟ ಆಯ್ತಾ’ ಅಂದ ಆ ಹುಡುಗ ಈಗ ಎಲ್ಲಿದ್ದಾನೆ?

ಗೊತ್ತಿಲ್ಲ. ಆ ದಶೈನ್‌ಗೆ ಅವನ ಅಮ್ಮ ಬಂದಿದ್ದರು, ಎರಡು ದಿನ ಪ್ರಯಾಣ ಮಾಡಿ. ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲ. ನಾನು ಬೆಂಗಳೂರು ಅಂದಾಗ ಮಾತ್ರ ಮುಖ ಅರಳಿತು. ಫೋನ್ ತೆಗೆದು ಗಂಡನ ಫೋಟೋ ತೋರಿಸಿದರು. ನೀಲಿ ಸಮವಸ್ತ್ರ, ಹಿಂದೆ ಬೂದು ಬಣ್ಣದ ಗೇಟು, ಅದರ ಮೇಲೆ ‘ವಾಹನ ನಿಲ್ಲಿಸಬೇಡಿ’ ಅಂತ ಕನ್ನಡದಲ್ಲಿ ಬರೆದಿತ್ತು. ಯಾವ ಏರಿಯಾ ಅಂತ ಅವರಿಗೆ ತಿಳಿಯದು. ಬೆಂಗಳೂರಿನಲ್ಲಿ ಅಂಥ ಗೇಟು ಎಷ್ಟಿಲ್ಲ?

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನೇಪಾಳದ ಅಛಾಮ್ ಜಿಲ್ಲೆಯವರು. ಎಲ್ಲರೂ ಅವರನ್ನು ಬಹಾದೂರ್ ಅನ್ನುತ್ತಿದ್ದೆವು, ಅವರ ಹೆಸರು ಬೇರೆಯೇ ಇತ್ತು. ಹೋದ ವರ್ಷ ದಶೈನ್‌ಗೆ ಒಂದು ವಾರ ರಜೆ ಕೇಳಿದರು. ಹೋಗೋಕೆ ಮೂರು ದಿನ, ಬರೋಕೆ ಮೂರು ದಿನ ಅಂತ ಕಮಿಟಿ ಮೀಟಿಂಗಿನಲ್ಲಿ ಲೆಕ್ಕ ಹೇಳಿದೆ. ಸ್ವಲ್ಪ ಗಲಾಟೆ ಆಯಿತು. ಕೊನೆಗೆ 15 ದಿನ ಕೊಟ್ಟರು, ಸಂಬಳ ಹಿಡಿಯದೆ.